ರೈಲು ಬದಲಿಸುವ ತಾಲೀಮು

ಒಂದು ಗಂಟೆ ಹೊಡೆದು ಇನ್ನೊಂದು ಗಂಟೆ ಹೊಡೆಯುವುದರೊಳಗೆ ಎಂಟುನೂರು ಮಕ್ಕಳನ್ನು ಒಂದು ತರಗತಿಯಿಂದ ಇನ್ನೊಂದಕ್ಕೆ ಸಾಗಿಸಬಲ್ಲ ಮನುಷ್ಯನಿಗೆ, ನಾಲ್ಕೇ ನಾಲ್ಕು ಜನರನ್ನು ಐದು ದೇಶ ಸುತ್ತಿಸಿಕೊಂಡು ಬರುವುದು ಒಂದು ಕೆಲಸವೇ? ಡೆವೆಂಟರ್ ಎಂಬ ಡಚ್ ಊರಿನ ನಮ್ಮ ಹೈಸ್ಕೂಲಿಗೆ ವೇಳಾಪಟ್ಟಿ ಹಾಕುವವನು ನಾನು. ನನ್ನ ವೇಳಾಪಟ್ಟಿಯಲ್ಲಿ ರಸಾಯನಶಾಸ್ತ್ರದವರು ಮೆಟ್ಟಿಲಿಳಿಯುವಾಗ ಫ್ರೆಂಚಿನವರು ಮೆಟ್ಟಿಲೇರುತ್ತಾರೆ. ಒಬ್ಬರ ಭುಜ ಇನ್ನೊಬ್ಬರಿಗೆ ತಗಲುವುದಿಲ್ಲ. ಇಂಥದ್ದನ್ನು ಸಾಧಿಸಿದವನು ಯುರೋಪಿನ ರೈಲುಗಳಿಗೆ ಹೆದರಿಯಾನೇ?

ಆದ್ದರಿಂದ ಮಾರ್ಚ್ ತಿಂಗಳ ಒಂದು ಭಾನುವಾರ, ಕಾಫಿಯ ಜೊತೆಗಿನ ತಲಾ ಒಂದು ಬಿಸ್ಕತ್ತು ಮುಗಿದ ಮೇಲೆ, ನಾನು ಘೋಷಿಸಿದೆ.

"ಈ ಬೇಸಿಗೆಗೆ ಕ್ಯಾರವಾನ್ ಇಲ್ಲ. ರೈಲು."

ನನ್ನ ಹೆಂಡತಿ ಗೆರ್ಡೀನ್ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಾಕಿದಳು. "ಕ್ಯಾರವಾನ್ ಏನು ಪಾಪ ಮಾಡ್ತು?"

"ಮದುವೆ ಆದಾಗಿಂದ ಆ ಚಕ್ರದ ಮನೇನ ಕಾರಿನ ಹಿಂದೆ ಕಟ್ಕೊಂಡು ಅದೇ ಫ್ರಾನ್ಸು, ಅದೇ ಬಯಲು, ಪಕ್ಕದಲ್ಲಿ ಅದೇ ಜ್ವೋಲೆ ಊರಿನವರ ಕ್ಯಾರವಾನು. ಪ್ರಪಂಚದಲ್ಲಿ ಇನ್ನೇನಿದೆ ಅಂತ ನಿನಗೆ ಕುತೂಹಲ ಇಲ್ವಾ?"

"ಇದೆ. ಸ್ವಂತ ಮನೇಲೇ ಕನ್ನಡಕ ಕಳ್ಕೊಳ್ಳೋನು ಐದು ದೇಶದಲ್ಲಿ ಹೇಗೆ ಹುಡುಕ್ತಾನೆ ಅನ್ನೋ ಕುತೂಹಲ ಇದೆ."

ಇಂಥ ಮಾತಿಗೆಲ್ಲ ಮಹಾ ಯೋಜನೆಗಳು ಜಗ್ಗುವುದಿಲ್ಲ. ಊಟದ ಕೋಣೆಯ ಗೋಡೆಗೆ ಯುರೋಪಿನ ನಕ್ಷೆ ಬಂತು. ಕಲೋನ್, ಬಾಸೆಲ್, ಮಿಲಾನ್, ಲ್ಯುಬ್ಲ್ಯಾನಾ, ವಿಯೆನ್ನಾ: ಊರಿಗೊಂದು ಗುಂಡುಸೂಜಿ, ಸೂಜಿಯಿಂದ ಸೂಜಿಗೆ ಕೆಂಪು ಉಣ್ಣೆಯ ದಾರ. ಸಂಜೆಯಾದರೆ ಐಸೆಲ್ ನದಿಯ ಕಡೆಯಿಂದ ಬರುವ ಬೆಳಕು ಕಿಟಕಿ ದಾಟಿ ನಕ್ಷೆಯ ಮೇಲೆ ಬಿದ್ದು, ಆಲ್ಪ್ಸ್ ಪರ್ವತಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತಿದ್ದವು. ಅವುಗಳನ್ನು ನಾನೇ ಕಟ್ಟಿಸಿದ್ದೇನೆ ಎಂಬಂತೆ ಕೈಕಟ್ಟಿ ನಿಲ್ಲುತ್ತಿದ್ದೆ. ಹದಿನೈದರ ಮಗಳು ಫೆನ್ನಾ ಹಾದುಹೋಗುವಾಗ ಒಮ್ಮೆ, "ಅಪ್ಪ, ಸ್ವಿಟ್ಜರ್‌ಲೆಂಡಿಗೆ ಅಡ್ಡ ನಿಂತಿದ್ದೀಯ," ಎಂದಳು.

ಒಂದು ವಾರ ಕಳೆದ ಮೇಲೆ ಗೆರ್ಡೀನ್ ತನ್ನ ಷರತ್ತು ಹೇಳಿದಳು.

"ಅಮ್ಮ ಬಂದ್ರೆ ನಾನು ಬರ್ತೀನಿ. ಇಲ್ಲಾಂದ್ರೆ ಇಲ್ಲ."

ಇದು ನಗುವ ವಿಷಯವಾಗಿರಲಿಲ್ಲ. ನನ್ನ ಅತ್ತೆ ಡೀನಿ ಎಂಥವರೆಂದರೆ, ಮಾಂಸದಂಗಡಿಯಲ್ಲಿ ಮುಂದೆ ನಿಂತವರು ದನದ ನಾಲಗೆ ಕೊಂಡರೆ ಯಾರ ಮನೆಗೆ, ಏನು ವಿಶೇಷ, ಯಾರು ಅಡುಗೆ ಮಾಡುತ್ತಾರೆ ಎಂದು ತಿಳಿದುಕೊಳ್ಳದೆ ಬಾಗಿಲು ದಾಟಿದವರಲ್ಲ. ಹೋದ ಶರತ್ಕಾಲದಲ್ಲಿ ಮಾವ ತೀರಿಕೊಂಡರು. ಅಂದಿನಿಂದ ಅವರು ನದಿಯ ಆಚೆ ದಡಕ್ಕೂ ಹೋಗಿರಲಿಲ್ಲ. ಮಂಡಿನೋವು ಎನ್ನುತ್ತಿದ್ದರು.

"ಮಂಡಿಯಲ್ಲ," ಎಂದಳು ಗೆರ್ಡೀನ್. "ಅಮ್ಮ ಈಗ ಯಾರನ್ನೂ ಏನೂ ಕೇಳಲ್ಲ. ಗಮನಿಸಿದ್ದೀಯಾ? ಮೊನ್ನೆ ಎದುರುಮನೆಗೆ ಆಂಬುಲೆನ್ಸ್ ಬಂತು. ಅಮ್ಮ ಪರದೆ ಕೂಡ ಸರಿಸ್ಲಿಲ್ಲ."

ಪ್ರವಾಸಕ್ಕೆ ಕರೆದರೆ ಅತ್ತೆ "ನೋಡೋಣ" ಎಂದಿದ್ದರು. ನಮ್ಮ ಕಡೆ ಆ ಮಾತಿಗೆ ಇಲ್ಲ ಎಂದೇ ಅರ್ಥ.

ನನ್ನ ಯೋಜನೆಯಲ್ಲೂ ಅವರಿಗೆ ಒಂದು ಕಡೆ ವೇಳೆ ಸಾಲುತ್ತಿರಲಿಲ್ಲ. ಬಾಸೆಲ್‌ನಲ್ಲಿ ರೈಲು ಬದಲಿಸಲು ನಮಗೆ ಇದ್ದದ್ದು ಆರು ನಿಮಿಷ.

"ಮುಂದಿನ ರೈಲಿಗೆ ಹೋದ್ರಾಯ್ತು," ಎಂದಳು ಗೆರ್ಡೀನ್.

"ಮುಂದಿನ ರೈಲಿಗೆ ಹೋದ್ರೆ ಮಿಲಾನ್ ತಪ್ಪುತ್ತೆ. ಮಿಲಾನ್ ತಪ್ಪಿದ್ರೆ ಲ್ಯುಬ್ಲ್ಯಾನಾ ತಪ್ಪುತ್ತೆ. ಲ್ಯುಬ್ಲ್ಯಾನಾ ತಪ್ಪಿದ್ರೆ ಎಲ್ಲಾ ತಪ್ಪುತ್ತೆ."

"ಎಲ್ಲಾ ತಪ್ಪಿದ್ರೆ ಏನಾಗುತ್ತೆ?"

ಈ ಪ್ರಶ್ನೆಯನ್ನು ಶಾಲೆಯಲ್ಲಿ ನನಗೆ ಯಾರೂ ಕೇಳಿರಲಿಲ್ಲ. "ತಾಲೀಮು ಮಾಡೋಣ," ಎಂದುಬಿಟ್ಟೆ. ಅತ್ತೆಯ ಮಂಡಿ ತಡೆಯುತ್ತದೋ ಇಲ್ಲವೋ ಡೆವೆಂಟರ್ ಸ್ಟೇಷನ್ನಿನಲ್ಲೇ ತಿಳಿದುಹೋಗಲಿ.

ಮೇ ತಿಂಗಳ ಒಂದು ಶನಿವಾರ ಗೊತ್ತಾಯಿತು. ಎಲ್ಲವೂ ನಿಜದ ಹಾಗೇ ಇರಬೇಕೆಂದು ನನ್ನ ಆಜ್ಞೆ. ಪೆಟ್ಟಿಗೆಗಳಿಗೆ ನಿಜವಾದ ಭಾರ ಬೇಕಲ್ಲ, ಬಟ್ಟೆ ಯಾರು ಮಡಿಸುತ್ತಾರೆ? ನೆಲಮಾಳಿಗೆಯ ಆಲೂಗಡ್ಡೆ ತುಂಬಿಸಿದೆ. ಯಾರೂ ಫೋನ್ ನೋಡುತ್ತ ಮೈಮರೆಯಬಾರದೆಂದು, ತರಗತಿಯ ಬಾಗಿಲಲ್ಲಿ ಮಕ್ಕಳ ಫೋನ್ ಇಸಿದುಕೊಳ್ಳುವ ಹಾಗೆ ಎಲ್ಲರದನ್ನೂ ಇಸಿದುಕೊಂಡು ಒಂದು ಚೀಲಕ್ಕೆ ಹಾಕಿದೆ. ಮನೆಯ ಬೀಗದಕೈಯೂ ಬುತ್ತಿಯ ಬ್ರೆಡ್ಡೂ ಅದರೊಳಕ್ಕೇ ಹೋದವು. ಇದ್ದುದರಲ್ಲಿ ಹಗುರವಾದದ್ದು ಆ ಚೀಲ. ಅತ್ತೆಯ ಹೆಗಲಿಗೆ ಹಾಕಿದೆ.

ಅತ್ತೆ ಕೂದಲು ಸೆಟ್ ಮಾಡಿಸಿಕೊಂಡು, ಕೋಟು ಹಾಕಿಕೊಂಡು ಬಂದಿದ್ದರು. ಬರುತ್ತಾರೆಂದು ನಾವು ನಂಬಿರಲಿಲ್ಲ. ಎಲ್ಲಿಗೆ, ಯಾಕೆ, ಏನು ಎಂದು ಅವರು ಒಂದು ಮಾತೂ ಕೇಳಲಿಲ್ಲ. ಗೆರ್ಡೀನ್ ನನ್ನ ಕಡೆ ನೋಡಿದಳು.

ಪ್ಲಾಟ್‌ಫಾರ್ಮಿನಲ್ಲಿ ನಾನು ವಿವರಿಸಿದೆ. ಈಗ ಬರ್ಲಿನ್ ಕಡೆಯ ರೈಲು ಬರುತ್ತದೆ. ಎತ್ತರದ ಮೆಟ್ಟಿಲು, ಉದ್ದನೆಯ ಬೋಗಿ, ಬಾಸೆಲ್‌ನ ರೈಲಿನಂತೆಯೇ. ಒಂದು ಬಾಗಿಲಲ್ಲಿ ಹತ್ತುವುದು, ಬೋಗಿಯುದ್ದಕ್ಕೂ ನಡೆಯುವುದು, ಇನ್ನೊಂದು ಬಾಗಿಲಲ್ಲಿ ಇಳಿಯುವುದು.

"ಜನ ಇಳಿಯೋ ಬಾಗಿಲಲ್ಲಿ ಹತ್ತಿ, ಹತ್ತೋ ಬಾಗಿಲಲ್ಲಿ ಇಳಿದು," ಎಂದಳು ಫೆನ್ನಾ. "ನಮ್ಮನ್ನ ಯಾರಾದ್ರೂ ನೋಡಿದ್ರೆ?"

"ನೋಡಿ ಕಲಿತ್ಕೊಳ್ಳಲಿ."

"ಸೀಬ್ರೆನ್, ಅದು ನಿಜವಾಗಿ ಬರ್ಲಿನ್‌ಗೆ ಹೋಗೋ ರೈಲು," ಎಂದಳು ಗೆರ್ಡೀನ್.

"ಬೇಕಾದಷ್ಟು ಹೊತ್ತು ನಿಲ್ಲುತ್ತೆ."

ರೈಲು ಬಂತು. ನಾಯಕನಾದ ನಾನು ಮೊದಲು ಹತ್ತಿ ಮೊದಲು ಇಳಿದು ಗಡಿಯಾರ ಹಿಡಿದು ನಿಂತೆ. ಆಲೂಗಡ್ಡೆ ಎಳೆಯುತ್ತ ಫೆನ್ನಾ ಇಳಿದಳು. ಆಲೂಗಡ್ಡೆಯ ಜೊತೆ ನನ್ನನ್ನೂ ಬೈಯುತ್ತ ಗೆರ್ಡೀನ್ ಇಳಿದಳು. ಅವಳ ಹಿಂದೆ ಅತ್ತೆ ಇಳಿಯಬೇಕಿತ್ತು. ಅವಳ ಹಿಂದೆ ಯಾರೂ ಇರಲಿಲ್ಲ.

ಕಿಟಕಿಯಲ್ಲಿ ನೋಡಿದೆ. ಬೋಗಿಯ ನಡುವೆ ಅತ್ತೆ ನಿಂತುಬಿಟ್ಟಿದ್ದರು. ಅಲ್ಲೊಬ್ಬ ವಯಸ್ಸಾದ ಗಂಡಸು ತೊಡೆಯ ಮೇಲೆ ಬೆತ್ತದ ಬುಟ್ಟಿ ಇಟ್ಟುಕೊಂಡು ಕೂತಿದ್ದ. ಬುಟ್ಟಿಗೆ ಬಟ್ಟೆ ಮುಚ್ಚಿತ್ತು. ಆ ಬಟ್ಟೆ ತಾನಾಗಿಯೇ ಅಲುಗಾಡುತ್ತಿತ್ತು.

ಗಾಜು ಬಡಿದೆ. "ಅತ್ತೆ, ಇಳೀರಿ. ಇಳೀರಿ ಅತ್ತೆ."

ಅತ್ತೆ ನನ್ನ ಕಡೆ ತಿರುಗದೆ ಒಂದು ಬೆರಳೆತ್ತಿದರು. ಅಡುಗೆಮನೆಯಲ್ಲಿ ಲಂಗ ಜಗ್ಗುವ ಮಗುವಿಗೆ ತಡಿ ಎಂದು ತೋರಿಸುವ ಬೆರಳು. ಬಾಗಿಲುಗಳು ಮುಚ್ಚಿಕೊಂಡವು. ಆತ ಬಟ್ಟೆಯ ಒಂದು ಮೂಲೆ ಎತ್ತಿದ. ಅತ್ತೆ ಬಗ್ಗಿ ನೋಡಿದರು. ಅವರ ಬಾಯಿ ಹುಡುಗಿಯ ಬಾಯಿಯಂತೆ ಮೆಲ್ಲನೆ ತೆರೆದುಕೊಂಡಿತು. ರೈಲು ಹೊರಟಿತು.

ಹಳಿಗಳ ಮೇಲೆ ಮೇ ತಿಂಗಳ ಬಿಸಿಲು ಹರಿದು ಹೋಗುತ್ತಿತ್ತು.

"ಬುಟ್ಟೀಲಿ ಏನಿತ್ತು?" ಎಂದಳು ಫೆನ್ನಾ.

ಆ ಕ್ಷಣದಲ್ಲಿ ನನಗೂ ಮೊದಲು ಬೇಕಾಗಿದ್ದದ್ದು ಆ ಪ್ರಶ್ನೆಗೆ ಉತ್ತರವೇ. ಫೋನ್ ಮಾಡಿ ಕೇಳೋಣವೆಂದು ಜೇಬಿಗೆ ಕೈಹಾಕಿದೆ. ನಾಲ್ಕು ಫೋನುಗಳೂ ಜರ್ಮನಿಯ ಕಡೆ ಸಾಗುತ್ತಿದ್ದವು. ಮನೆಗೆ ಹೋಗೋಣವೆಂದರೆ ಬೀಗದಕೈಯೂ ಅತ್ತಲೇ ಹೋಗುತ್ತಿತ್ತು. ಬದಲಿ ಬೀಗದಕೈ ಇದ್ದದ್ದು ಅತ್ತೆಯ ಮನೆಯಲ್ಲಿ. ಆ ಮನೆಯ ಕೀಲಿ ಅತ್ತೆಯ ಕೋಟಿನಲ್ಲಿ.

"ಹಸಿವಾಗ್ತಿದೆ," ಎಂದಳು ಫೆನ್ನಾ.

"ಆಲೂಗಡ್ಡೆ ಇದೆ," ಎಂದಳು ಅವಳ ಅಮ್ಮ, ನನ್ನನ್ನೇ ನೋಡುತ್ತ.

ಅಷ್ಟರಲ್ಲಿ ನಮ್ಮ ಶಾಲೆಯ ಗಣಿತದ ಮೇಷ್ಟ್ರು ಸೈಕಲ್ ತಳ್ಳಿಕೊಂಡು ಬಂದರು. ಪೆಟ್ಟಿಗೆಗಳನ್ನು ನೋಡಿ ಅವರ ಮುಖ ಅರಳಿತು.

"ಓಹೋ, ಸೀಬ್ರೆನ್. ಎಲ್ಲಿಗೆ ಹೊರಟ್ರಿ?"

"ಮನೆಗೆ."

"ಎಲ್ಲಿಂದ ಬಂದ್ರಿ ಹಾಗಾದ್ರೆ?"

"ಮನೆಯಿಂದ."

ಅವರು ಸ್ವಲ್ಪ ಹೊತ್ತು ಈ ಲೆಕ್ಕ ಬಿಡಿಸಲು ಯತ್ನಿಸಿದರು. ಆಮೇಲೆ, "ಪ್ರಯಾಣ ಸುಖವಾಗಿರಲಿ," ಎಂದು ಹೇಳಿ ಹೊರಟುಹೋದರು.

ಸ್ಟೇಷನ್ನಿನ ಹೂವಿನಂಗಡಿಯಾಕೆ ಪುಣ್ಯಾತ್ಗಿತ್ತಿ, ತನ್ನ ಫೋನ್ ಕೊಟ್ಟಳು. ನನಗೆ ಬಾಯಿಪಾಠವಿದ್ದ ಒಂದೇ ನಂಬರು ನನ್ನದೇ. ನನಗೆ ನಾನೇ ಫೋನ್ ಮಾಡಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಅತ್ತೆ ಎತ್ತಿದರು.

"ಹಲೋ, ಇದು ಸೀಬ್ರೆನ್ ಫೋನು. ಸೀಬ್ರೆನ್ ಇಲ್ಲ. ಸ್ಟೇಷನ್ನಲ್ಲಿ ಉಳಿದುಬಿಟ್ಟ."

"ಅತ್ತೆ, ನಾನೇ ಸೀಬ್ರೆನ್."

"ನಿನ್ನ ಫೋನ್ ನನ್ನ ಕೈಲಿದೆಯಲ್ಲೋ. ನೀನು ಯಾವುದ್ರಲ್ಲಿ ಮಾತಾಡ್ತಿದ್ದೀಯ?"

"ಹೂವಿನವರ ಫೋನಲ್ಲಿ."

"ಯಾವ ಹೂವು? ಟ್ಯೂಲಿಪ್ ಮುಗೀತಲ್ವಾ?"

"ಅತ್ತೆ, ದಯವಿಟ್ಟು ಕೇಳಿ. ಮುಂದೆ ಅಲ್ಮೆಲೊ ಬರುತ್ತೆ. ಇಳಿದು ಬೆಂಚಿನ ಮೇಲೆ ಕೂತಿರಿ. ನಾನು ಬರ್ತೀನಿ."

"ಆಗಲ್ಲಪ್ಪ."

"ಯಾಕೆ?"

"ಪಾರಿವಾಳ ಇದೆ."

ಬುಟ್ಟಿಯಲ್ಲಿದ್ದದ್ದು ಪಂದ್ಯದ ಪಾರಿವಾಳಗಳು. ಆ ಮನುಷ್ಯನ ಹೆಸರು ಹಾರ್ಮ್. ಪ್ರತಿ ಶನಿವಾರ ಅವುಗಳನ್ನು ಹಿಂದಿನ ವಾರಕ್ಕಿಂತ ಒಂದಿಷ್ಟು ದೂರ ಒಯ್ದು ಹಾರಿಬಿಡುತ್ತಾನೆ. ಅವು ದಾರಿ ಹುಡುಕಿಕೊಂಡು ಮನೆಗೆ ಬರುತ್ತವೆ. ಇವತ್ತು ಮೊದಲ ಸಲ ಗಡಿಯ ಆಚೆಯಿಂದ. ಇದೆಲ್ಲವನ್ನೂ ಅತ್ತೆ ಒಂದೇ ಉಸಿರಿಗೆ ಹೇಳಿದರು. ಟಿಕೆಟ್ ಏನು ಮಾಡಿದಿರಿ ಎಂದೆ. ಟಿಕೆಟ್ ನೋಡುವ ಹುಡುಗಿಯಿಂದಲೇ ಕೊಂಡರಂತೆ. ಅವಳಿಗೆ ಮುಂದಿನ ತಿಂಗಳು ಮದುವೆಯಂತೆ. ಹುಡುಗ ಒಳ್ಳೆಯವನಂತೆ, ಆದರೆ ಅವನ ತಾಯಿ ಸ್ವಲ್ಪ ಹೇಗೋ ಅಂತೆ.

ಗೆರ್ಡೀನ್ ಫೋನ್ ಕಿತ್ತುಕೊಂಡಳು. "ಅಮ್ಮಾ, ಮಂಡಿ ಹೇಗಿದೆ?"

"ಮಂಡೀನಾ? ಅದನ್ನ ಕೇಳಿಲ್ಲ ಕಣೆ."

"ಬ್ರೆಡ್ ಕೇಳಮ್ಮ," ಎಂದಳು ಫೆನ್ನಾ.

"ಹಾರ್ಮ್‌ಗೂ ಕೊಟ್ಟೆ ಅಂತ ಹೇಳು. ಇಷ್ಟು ದಪ್ಪ ಚೀಸ್ ಯಾರು ಹಾಕ್ತಾರೆ ಅಂತ ಕೇಳಿದ್ರು. ನನ್ನ ಅಳಿಯ ಅಂದೆ. ಇಡ್ತೀನಿ, ಇಲ್ಲೊಬ್ಬಳು ಏನೋ ಹೆಣೀತಿದ್ದಾಳೆ, ಏನೂಂತ ಗೊತ್ತಾಗ್ತಿಲ್ಲ."

ಫೋನ್ ಹಿಂತಿರುಗಿಸಿ ಗೆರ್ಡೀನ್ ಹೂವಿನ ಬಕೆಟ್ಟುಗಳ ನಡುವೆ ನಿಂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ಕೇಳ್ತಿದ್ದಾಳೆ," ಎಂದಳು. "ಸೀಬ್ರೆನ್, ಅಮ್ಮ ಎಲ್ಲರನ್ನೂ ಎಲ್ಲಾ ಕೇಳ್ತಿದ್ದಾಳೆ."

ಮುಂದಿನ ರೈಲು ಹಿಡಿದು ಬೆನ್ನಟ್ಟುತ್ತೇನೆ ಎಂದೆ. "ಕೂತ್ಕೋ," ಎಂದಳು. ಕೂತೆ. ಮೂವರೂ ಆಲೂಗಡ್ಡೆಯ ಮೇಲೆ ಕೂತೆವು. ಜೀವನದಲ್ಲಿ ಮೊದಲ ಬಾರಿ ನಾನು ಒಂದು ಸ್ಟೇಷನ್ನಿನಲ್ಲಿ ಯಾವ ರೈಲಿಗೂ ಕಾಯದೆ ಕೂತಿದ್ದೆ. ಎಷ್ಟೊಂದು ಜನ ಇಳಿಯುತ್ತಾರೆ! ಒಬ್ಬಾಕೆ ಬರಿಯ ದೀಪದ ಬುರುಡೆಯೊಂದನ್ನು ಎದೆಗವಚಿಕೊಂಡು ಇಳಿದಳು. ಯಾಕಿರಬಹುದು? ಇಬ್ಬರು ಮುದುಕರು ಒಂದೇ ಬಣ್ಣದ ಟೋಪಿ ಹಾಕಿಕೊಂಡು ಮಾತು ಬಿಟ್ಟವರಂತೆ ನಡೆದರು. ಏನಾಗಿರಬಹುದು? ಮಧ್ಯಾಹ್ನ ವಾಲುವ ಹೊತ್ತಿಗೆ ಪೂರ್ವದಿಂದ ಒಂದು ಹಿಡಿ ಹಕ್ಕಿಗಳು ಬಂದು, ಸ್ಟೇಷನ್ನಿನ ಮೇಲೆ ಒಮ್ಮೆ ವಾಲಿ, ನದಿಯ ಮೇಲಿಂದ ನೆಟ್ಟಗೆ ಪಶ್ಚಿಮಕ್ಕೆ ಹೋದವು.

"ಅವೇನಾ?" ಎಂದಳು ಫೆನ್ನಾ. ನಾವು ಮೂವರೂ ಕತ್ತೆತ್ತಿ, ಅವು ಕಣ್ಣಿಗೆ ಕಾಣದಾಗುವವರೆಗೂ ನೋಡಿದೆವು.

ಅತ್ತೆ ಬಂದದ್ದು ಅದಾದ ಎಷ್ಟೋ ಹೊತ್ತಿಗೆ, ಬೇರೆ ಪ್ಲಾಟ್‌ಫಾರ್ಮಿಗೆ. ಸೆಟ್ ಮಾಡಿಸಿದ ಕೂದಲು ಗಾಳಿಗೆ ಕೆದರಿತ್ತು.

"ವಾಪಸ್ ಬರೋವಾಗ ಹೆಂಗೆಲೊದಲ್ಲಿ ರೈಲು ಬದಲಿಸಬೇಕಿತ್ತಲ್ಲ, ಅತ್ತೆ. ಎಷ್ಟು ಹೊತ್ತಿತ್ತು?" ನನ್ನೊಳಗಿನ ವೇಳಾಪಟ್ಟಿಯವನು ಕೇಳಿದ.

"ನೋಡ್ಲಿಲ್ಲ. ಓಡಿದೆ."

"ಓಡಿದ್ರಾ?"

"ಒಬ್ಬ ಹುಡುಗ ಬಾಗಿಲು ಹಿಡ್ಕೊಂಡಿದ್ದ. ಅಡುಗೆ ಕಲೀತಿದ್ದಾನಂತೆ, ಪಾಪ, ಈರುಳ್ಳಿ ಹೆಚ್ಚೋಕೇ ಒಂದು ವರ್ಷ ಆಯ್ತಂತೆ."

ಮನೆಗೆ ಬಂದ ಮೇಲೆ ಅತ್ತೆ ಕೋಟು ಬಿಚ್ಚದೆ ನಕ್ಷೆಯ ಮುಂದೆ ಹೋಗಿ ನಿಂತರು. ಕಲೋನಿಗೂ ಬಾಸೆಲಿಗೂ ನಡುವೆ ದಾರದ ಮೇಲೆ ಬೆರಳಿಟ್ಟರು.

"ಇಲ್ಲೇನಿದೆ?"

"ಅಲ್ಲಿ ನಾವು ಇಳಿಯಲ್ಲ, ಅತ್ತೆ."

"ರೈಲು ನಿಲ್ಲಲ್ವಾ?"

"ನಿಲ್ಲುತ್ತೆ. ನಾವು ಇಳಿಯಲ್ಲ."

"ಯಾಕೆ?"

ಅತ್ತೆ ಬಾಸೆಲ್‌ನ ಸೂಜಿ ಕಿತ್ತು ಮೇಜಿನ ಮೇಲಿಟ್ಟರು. ಕೆಂಪು ದಾರ ಸಡಿಲಾಗಿ, ಆಲ್ಪ್ಸ್ ಪರ್ವತಗಳ ಮೇಲೆ ತೂಗಾಡಿತು.

ಆಲೂಗಡ್ಡೆಗಳನ್ನು ನೆಲಮಾಳಿಗೆಗೆ ಮರಳಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಯ ಬುಟ್ಟಿ ಇಳಿಸಿ ಮೇಲೆ ಬರುವಾಗ ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಹೆಂಗಸರ ಪಿಸುಮಾತು. ಕದ್ದು ಕೇಳುವುದು ಸಭ್ಯತೆಯಲ್ಲ; ಆದರೆ ಇಡೀ ಪ್ರವಾಸ ಆ ಬಾಗಿಲ ಹಿಂದೆ ತೀರ್ಮಾನವಾಗುತ್ತಿತ್ತು.

"ಅಷ್ಟು ದೂರ ತಡೆಯೋಕಾಗುತ್ತಾ ಅಂತ ನನ್ನ ಯೋಚನೆ," ಎನ್ನುತ್ತಿದ್ದಳು ಗೆರ್ಡೀನ್.

"ಬಿಟ್ಟು ಹೋದ್ರೆ ಬೇಜಾರಾಗುತ್ತೆ, ಪಾಪ," ಎಂದಳು ಫೆನ್ನಾ.

ನನ್ನ ಎದೆ ಕರಗಿತು. ಒಂದು ದಿನದಲ್ಲಿ ಗಡಿ ದಾಟಿ, ಓಡಿ ರೈಲು ಹಿಡಿದು ಬಂದ ಅತ್ತೆಯ ಬಗ್ಗೆ ಇನ್ನೂ ಅನುಮಾನವೇ? ಬಾಸೆಲ್ ಹೋದರೆ ಹೋಗಲಿ, ಮಿಲಾನ್ ತಪ್ಪಿದರೆ ತಪ್ಪಲಿ. ದಾರಿಯಲ್ಲಿ ಕಂಡ ಕಡೆಯೆಲ್ಲ ಇಳಿಯೋಣ. ಬಾಗಿಲು ತಳ್ಳಿ, ಇಂಥ ಗಳಿಗೆಗೆ ತಕ್ಕ ಗಾಂಭೀರ್ಯದಿಂದ ಹೇಳಿದೆ.

"ಅತ್ತೆಯನ್ನ ಕರ್ಕೊಂಡೇ ಹೋಗೋಣ. ನನ್ನದೇನೂ ಅಡ್ಡಿಯಿಲ್ಲ."

ಮೂವರೂ ಟೀ ಕಪ್ಪುಗಳ ಮೇಲಿಂದ ನನ್ನನ್ನು ನೋಡಿದರು. ಅತ್ತೆ ಸಕ್ಕರೆ ಕಲಕುವುದನ್ನು ನಿಲ್ಲಿಸಿ, ಮರುಕದಿಂದಲೆಂಬಂತೆ ಕಣ್ಣು ತಗ್ಗಿಸಿದರು.

"ಅಜ್ಜಿ ಹೋಗೋದು ಆಗ್ಲೇ ತೀರ್ಮಾನ ಆಯ್ತು, ಅಪ್ಪ," ಎಂದಳು ಫೆನ್ನಾ. "ಈಗ ನಿನ್ನ ವಿಷಯ ನಡೀತಿದೆ. ಸ್ವಲ್ಪ ಹೊರಗಿರು."