ಕುರ್ಚಿಯಾಗಿ ಕಾಯಂ ಆದ ಫರೀದಾ

ಇದನ್ನು ನನಗೆ ಮೊದಲು ಹೇಳಿದವರು ಕಲಬುರಗಿ ಶಹಾಬಜಾರದ ಇಕ್ಬಾಲ್ ಬೇಗಂ. ಅವರ ಸೊಸೆ ಫರೀದಾ ಸರ್ಕಾರಿ ಕುರ್ಚಿ.

ಅದಕ್ಕೂ ಮೊದಲು ಫರೀದಾ ಕಮಲಾಪುರದ ದಾಸ್ತಾನು ಕಚೇರಿಯಲ್ಲಿ ಗುತ್ತಿಗೆ ಪ್ರೋಗ್ರಾಮರ್ ಆಗಿದ್ದಳು. ಮಾರ್ಚ್ ಮುಗಿದರೆ ಗುತ್ತಿಗೆಯೂ ಮುಗಿಯುತ್ತಿತ್ತು. ಮುಂದುವರಿಸುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಅವಳು ಬರೆದ ಪ್ರೋಗ್ರಾಮಿನಲ್ಲಿ ಪಟ್ಟಿಯ ಅಚ್ಚು ಒಂದೇ. ಬಳಸುವಾಗ ಮಾತ್ರ ಒಳಗೆ ಯಾವ ಬಗೆ ಇರಬೇಕೆಂದು ಹೇಳಬೇಕು: ಇದು ಕೆಂಪು ಬಾಳೆಗೊನೆಯ ಪಟ್ಟಿ, ಇದು ಕುರ್ಚಿಯದು, ಇದು ನೌಕರರದು. ಬೇರೆ ಬಗೆಯದು ಬಂದರೆ ಪಟ್ಟಿ ಬಾಗಿಲಲ್ಲೇ ತಡೆಯುತ್ತಿತ್ತು. ಪ್ರೋಗ್ರಾಮರುಗಳು ಇದಕ್ಕೆ ಜೆನೆರಿಕ್ ಎನ್ನುತ್ತಾರೆ.

ಇದರಿಂದ ಆಡಳಿತಕ್ಕೆ ತೊಂದರೆಯಾಯಿತು. ಕಚೇರಿಯ ಸಾಹೇಬರಾದ ಗುರುಲಿಂಗಪ್ಪನವರು ಕುರ್ಚಿಯ ಅನುದಾನದಲ್ಲಿ ತಮ್ಮ ಮನೆಗೊಂದು ಸಾಗುವಾನಿ ಮಂಚ ಖರೀದಿಸಿದ್ದರು. ಕುರ್ಚಿಯ ಪಟ್ಟಿ ಅದನ್ನು ಒಳಗೆ ಬಿಡಲಿಲ್ಲ.

"ಬಗೆ-ಗಿಗೆ ತೆಗೀರಿ ಮೇಡಂ, ಎಲ್ಲಾ ಒಂದರಾಗೇ ಹಾಕ್ರಿ," ಅಂದರು ಸಾಹೇಬರು. "ಸರ್ಕಾರಕ್ಕ ಭೇದಭಾವ ಇರಬಾರ್ದು."

"ಹಾಕೂದು ಸಸಾರ ಅದರಿ ಸರ್. ತೆಗಿಯೋ ಮುಂದ ಯಾವುದು ಏನಂತ ಗೊತ್ತಾಗಂಗಿಲ್ಲ."

"ತೆಗಿಯೋ ಮುಂದ ನಾ ಇಲ್ಲಿ ಇರಂಗಿಲ್ಲ ಬಿಡ್ರಿ, ವರ್ಗ ಆಗಿರ್ತೇನಿ. ನಿಮ್ಮ ಗುತ್ತಿಗಿ ಮಾತ್ರ ಇನ್ನೂ ನನ್ನ ಸಹಿಗೆ ಕುಂತದ."

ಫರೀದಾ ಬಗೆ ತೆಗೆದಳು. ಬಾಳೆ, ಮಂಚ, ಕುರ್ಚಿ, ನೌಕರರು ಒಂದೇ ಪಟ್ಟಿಯಲ್ಲಿ ಸೌಹಾರ್ದದಿಂದ ನೆಲೆಸಿದರು.

ಮಾರ್ಚ್ ಕೊನೆಗೆ ಪರಿಶೀಲನಾ ತಂಡ ಬಂತು. ಪಟ್ಟಿಯಿಂದ ಹೊರಬಂದದ್ದೆಲ್ಲ ಬರೀ 'ವಸ್ತು' ಆಗಿತ್ತು. ಕೂಡಲೇ ಸುತ್ತೋಲೆ ಹೊರಟಿತು: "ಅನುದಾನವು ಕುರ್ಚಿಯದಾಗಿರುವ ಕಾರಣ, ಹೊರಬರುವ ಪ್ರತಿಯೊಂದನ್ನೂ ಕುರ್ಚಿಯೆಂದೇ ಭಾವಿಸತಕ್ಕದ್ದು." ಮಂಚ ಕುರ್ಚಿಯಾಯಿತು. ಬಾಳೆಗೊನೆಗಳ ಮೇಲೆ ತಂಡದವರು ಖುದ್ದು ಕೂತು ನೋಡಿ, 'ಮೆತ್ತಗಿವೆ' ಎಂದು ಷರಾ ಬರೆದರು. ಆಮೇಲೆ ಫರೀದಾಳ ಸರದಿ. ಉಗ್ರಾಣದ ಪೀರಪ್ಪ ಕುರ್ಚಿ ನಂಬರ್ ಬರೆಯಲು ಬಿಳಿ ಬಣ್ಣದ ಡಬ್ಬಿ, ಬ್ರಷ್ ಹಿಡಿದು ಬಂದ.

ತಾನು ಮನುಷ್ಯಳೆಂದು ಅವಳು ವಿನಯದಿಂದ ಗಮನಕ್ಕೆ ತಂದಳು.

"ಖರೇ ಅದ ಅಕ್ಕೋರೆ," ಅಂದ ಪೀರಪ್ಪ. "ಆದ್ರ ಮನುಷ್ಯಾರ ಗುತ್ತಿಗಿ ಈ ತಿಂಗಳಿಗೆ ಮುಗೀತದ. ಕುರ್ಚಿ ಕಾಯಂ ಆಸ್ತಿ. ಹರಾಜ್ ಹಾಕ್ಲಾರ್ದ ಹೊರಗ ಹಾಕಾಕ ಬರಂಗಿಲ್ಲ."

ಫರೀದಾ ನಂಬರ್ ಬರೆಸಿಕೊಳ್ಳಲು ತೋಳು ಮುಂದೆ ಮಾಡಿದಳು.

ಈಗ ಅವಳ ಸಂಬಳ 'ರಿಪೇರಿ ಮತ್ತು ಪಾಲಿಶ್' ಬಾಬತ್ತಿನಲ್ಲಿ ತಪ್ಪದೆ ಬರುತ್ತದೆ. ಕುರ್ಚಿಯ ಮೇಲೆ ಕುರ್ಚಿ ಇಡಬಾರದೆಂಬ ನಿಯಮವಿರುವುದರಿಂದ ನಿಂತೇ ಕೆಲಸ ಮಾಡುತ್ತಾಳೆ. ಸೊಸೆ ಪರ್ಮನೆಂಟ್ ಆದಳೆಂದು ಇಕ್ಬಾಲ್ ಬೇಗಂ ಓಣಿಗೆಲ್ಲ ಪೇಢಾ ಹಂಚಿದರು.

ನಿಮ್ಮ ಪೈಕಿ ಯಾರಾದರೂ ಗುತ್ತಿಗೆಯಲ್ಲಿದ್ದರೆ ಈ ಸುದ್ದಿ ಬೇಗ ಮುಟ್ಟಿಸಿ. ಕಲಬುರಗಿ ಕಚೇರಿಯಲ್ಲಿ ಕಪಾಟಿನ ಹುದ್ದೆಗಳು ಖಾಲಿ ಇವೆಯಂತೆ.