ನಮ್ಮ ಮನೆಗೆ ಬಂದ ಹೊಸ ಸಾಮಾನುಗಳು

ಹೊಸ ಯಂತ್ರ ಯಾವುದಾದರೂ ನಮ್ಮ ಮನೆಯೊಳಗೆ ಕಾಲಿಟ್ಟರೆ ಸಾಕು, ಸ್ವಲ್ಪ ದಿನದಲ್ಲೇ ಊರಿನವರಿಗೆಲ್ಲ ನಗುವುದಕ್ಕೊಂದು ಕಾರಣ ಸಿಕ್ಕಿರುತ್ತದೆ. ಇದು ಇವತ್ತಿನವರೆಗೂ ತಪ್ಪಿದ್ದಿಲ್ಲ.

ನಾನು ವಿಜ್ಞಾನದ ಮೇಡಂ. ಕಾಮಸಮುದ್ರದ ಕಡೆಯ ಒಂದು ಹಳ್ಳಿಯಲ್ಲಿ ಮನೆ, ಅಲ್ಲಿಂದ ಒಂದೆರಡು ಊರು ದಾಟಿದರೆ ನನ್ನ ಶಾಲೆ. ಮನೆಯಲ್ಲಿ ಹಸು, ಟೊಮೆಟೊ ತೋಟ, ಅವೆರಡನ್ನೂ ನೋಡಿಕೊಳ್ಳುವ ಮಾವ. ಗಂಡ ಬೆಳಗಿನ ರೈಲು ಹಿಡಿಯಲು ಬಂಗಾರಪೇಟೆಗೆ ಓಡುವ ಜೀವ. ನನಗಿರುವುದು ಒಂದೇ ಚಟ. ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು, ಅದು ಕಾಯುವವರೆಗೆ, ಮುಂದೆ ಬರಲಿರುವ ಫೋನಿನ ಬಗ್ಗೆ ಯಾರ್ಯಾರು ಏನೇನು ವದಂತಿ ಹಬ್ಬಿಸಿದ್ದಾರೆ ಅಂತ ಓದುವುದು. ಹಾಲು ಎಷ್ಟೋ ಸಲ ಉಕ್ಕಿ ಹೋಗಿದೆ. ಆ ಫೋನು ಮಾತ್ರ ಇನ್ನೂ ಬಂದಿಲ್ಲ.

ಸತ್ತುಹೋದ ಅಕ್ಷರ

ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರ ಫೋನು ಒಮ್ಮೆ ವಾಲಿಬಾಲ್ ಕಂಬದ ಕೆಳಗೆ ಬಿದ್ದು ಗಾಜು ಒಡೆಯಿತು. ಹೊಸದು ಯಾವುದು ತಗೊಳ್ಳಲಿ ಅಂತ ನನ್ನನ್ನೇ ಕೇಳಿದರು. ಶಾಲೆಯಲ್ಲಿ ಇಂಥದ್ದಕ್ಕೆಲ್ಲ ನನ್ನನ್ನೇ ಕೇಳುವುದು ವಾಡಿಕೆ.

"ಈಗ ಬೇಡ ಸರ್. ಬರೋ ತಿಂಗಳು ಹೊಸ ಮಾಡೆಲ್ ಬರುತ್ತಂತೆ. ಕ್ಯಾಮೆರಾನೇ ಬೇರೆಯಂತೆ," ಅಂದೆ.

ಅವರು ಕಾದರು. ಹೊಸ ಮಾಡೆಲ್ ಬಂತು. ಅಷ್ಟರಲ್ಲಿ ಅದರ ತಮ್ಮ ಮಡಚುವ ಫೋನಂತೆ ಅಂತ ನಾನು ಓದಿಯಾಗಿತ್ತು. "ಇಷ್ಟು ದಿನ ಕಾದಿದ್ದೀರಿ, ಇನ್ನೊಂಚೂರು ಕಾಯಿರಿ ಸರ್." ಮತ್ತೆ ಕಾದರು. ಒಂದು ದಿನ ಬಂಗಾರಪೇಟೆಯ ಅಂಗಡಿಯೊಳಗೆ ನಿಂತೇ ಫೋನ್ ಮಾಡಿದರು. "ಮೇಡಂ, ಕೈಯಲ್ಲಿ ಡಬ್ಬ ಹಿಡ್ಕೊಂಡಿದ್ದೀನಿ. ತಗೊಂಬಿಡ್ಲಾ?" ನನಗೆ ತಡೆಯಲಾಗಲಿಲ್ಲ. "ದಸರಾಗೆ ಮೂರು ಮಡಿಕೆಯದು ಬರುತ್ತಂತೆ ಸರ್," ಅಂದೆ. ಡಬ್ಬ ವಾಪಸ್ ಇಟ್ಟು ಬಂದರು.

ಈ ಕಾಯುವಿಕೆಯಲ್ಲಿ ಒಡೆದ ಗಾಜಿನ ಬಿರುಕು ಮೆಲ್ಲಗೆ ಬೆಳೆದು ಕೀಬೋರ್ಡಿನ ಮೇಲಕ್ಕೆ ಬಂತು. 'ಲ' ಅಕ್ಷರ ಇರುವ ಜಾಗ ಸತ್ತೇಹೋಯಿತು. ಒತ್ತಿದರೆ ಏನೂ ಬೀಳುತ್ತಿರಲಿಲ್ಲ. ಕನ್ನಡಕ ಹಾಕದೆ ಮೆಸೇಜ್ ಮಾಡುವ ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ.

ಒಂದು ಭಾನುವಾರ ಅವರಿಗೆ ಜ್ವರ. ಹೆಡ್‌ಮಾಷ್ಟ್ರಿಗೆ "ನಾಳೆ ಬರೋಲ್ಲ" ಅಂತ ಮೆಸೇಜ್ ಕಳಿಸಿದರು. ಹೆಡ್‌ಮಾಷ್ಟ್ರಿಗೆ ತಲುಪಿದ್ದು: "ನಾಳೆ ಬರೋ."

ಹೆಡ್‌ಮಾಷ್ಟ್ರು ವಯಸ್ಸಿನಲ್ಲಿ ಹಿರಿಯರು, ಮಕ್ಕಳನ್ನೂ ಬಹುವಚನದಲ್ಲಿ ಮಾತಾಡಿಸುವವರು. "ಏನ್ರೀ ಇದು? ಯಾರಿಗೆ ಹೇಳ್ತಾ ಇದ್ದೀರಿ?" ಅಂತ ತಿರುಗಿ ಕೇಳಿದರು. ಮೇಷ್ಟ್ರು ತಾವು ಕಳಿಸಿದ್ದನ್ನು ತೆಗೆದು ನೋಡಿದರು, ಗಾಬರಿಯಾದರು, ಜ್ವರದಲ್ಲೇ ಎದ್ದು ಕೂತು ಕೂಡಲೇ ವಿವರಣೆ ಕಳಿಸಿದರು: "ಅದು ನಿಮಗೆ ಹೇಳಿದ್ದು ಅಲ್ಲ ಸರ್."

ಅದರಲ್ಲೂ ಎರಡು ಅಕ್ಷರ ದಾರಿಯಲ್ಲೇ ಉಳಿದುಕೊಂಡವು. ಹೆಡ್‌ಮಾಷ್ಟ್ರು ಸೋಮವಾರ ಬೆಳಿಗ್ಗೆ ಸ್ಟಾಫ್ ರೂಮಿಗೆ ಬಂದು ಅದನ್ನು ನಮಗೆಲ್ಲ ಓದಿ ತೋರಿಸಿದರು: "ಅದು ನಿಮಗೆ ಹೇಳಿದ್ದು. ಅ, ಸರ್."

ತೋಟದಲ್ಲಿ ಯಾರೋ ಬಿದ್ದಿದ್ದಾರೆ

ಮಾವನಿಗೆ ಬಿ.ಪಿ. ಇದೆ. ತೋಟಕ್ಕೆ ಒಬ್ಬರೇ ಹೋಗುತ್ತಾರೆ. ಎಲ್ಲಿ ತಲೆ ಸುತ್ತಿ ಬೀಳುತ್ತಾರೋ ಅನ್ನುವ ಭಯ ನನಗೆ ಒಳಗೊಳಗೇ ಇತ್ತು. ಅದಕ್ಕೆ ಒಂದು ಸ್ಮಾರ್ಟ್ ವಾಚ್ ತಂದು ಕಟ್ಟಿದೆ. ಕಟ್ಟಿಕೊಂಡವರು ಬಿದ್ದರೆ ಅದಕ್ಕೆ ಗೊತ್ತಾಗಿ ನನ್ನ ಫೋನಿಗೆ ಸುದ್ದಿ ಬರುತ್ತದೆ.

"ಟೈಮು ತೋರ್ಸ್ತದಾ?" ಅಂದರು ಮಾವ.

"ತೋರಿಸುತ್ತೆ ಮಾವ."

"ಅಂಗಾದ್ರೆ ಸರಿ ಬಿಡಮ್ಮ." ಬೀಳುವ ವಿಷಯ ನಾನು ಅವರಿಗೆ ಹೇಳಲಿಲ್ಲ. ನೊಂದುಕೊಳ್ಳುತ್ತಾರೆ ಅಂತ.

ಮಾರನೇ ವಾರ ನಾನು ಎಂಟನೇ ಕ್ಲಾಸಿಗೆ ಗುರುತ್ವಾಕರ್ಷಣೆ ಹೇಳುತ್ತಿದ್ದೆ. ಫೋನು ಅರಚಿಕೊಂಡಿತು. ವಾಚು ಕಟ್ಟಿಕೊಂಡವರು ಜೋರಾಗಿ ಬಿದ್ದಿದ್ದಾರೆ, ಕೇಳಿದರೂ ಉತ್ತರ ಕೊಡುತ್ತಿಲ್ಲ ಅಂತ. ಮಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಪಕ್ಕದ ತೋಟದವನಿಗೆ ಮಾಡಿದೆ. ಅಲ್ಲಿ ಸಿಗ್ನಲ್ ಅಷ್ಟಕ್ಕಷ್ಟೇ. "ನಮ್ಮ ತೋಟದಲ್ಲಿ ಬಿದ್ದಿದ್ದಾರೆ, ಬೇಗ ಓಡು" ಅನ್ನುವಷ್ಟು ಅವನಿಗೆ ಕೇಳಿಸಿತು. ಯಾರು ಅನ್ನುವುದು ಕೇಳಿಸಲಿಲ್ಲ.

ಪಿ.ಟಿ. ಮೇಷ್ಟ್ರ ಬೈಕ್ ಹತ್ತಿ ಹೊರಟೆ. ದಾರಿಯುದ್ದಕ್ಕೂ ಒಂದೇ ಯೋಚನೆ, ಬೆಳಿಗ್ಗೆ ಅವರು ಮಾತ್ರೆ ನುಂಗಿದರೋ ಇಲ್ಲವೋ ನಾನು ನೋಡಲೇ ಇಲ್ಲವಲ್ಲ ಅಂತ. ತೋಟದ ಹತ್ತಿರ ಬಂದರೆ ಊರಿಗೆ ಊರೇ ಅಲ್ಲಿತ್ತು. ಒಬ್ಬೊಬ್ಬರೂ ಒಂದೊಂದು ಸಾಲಿನಲ್ಲಿ ಬಗ್ಗಿ, ಟೊಮೆಟೊ ಗಿಡ ಸರಿಸಿ ಹುಡುಕುತ್ತಿದ್ದರು. ಅವರ ನಡುವೆ ಎಲ್ಲರಿಗಿಂತ ಮುಂದೆ, ಹೆಗಲ ಮೇಲೆ ಹಾರೆ ಹೊತ್ತು ಮಾವ!

"ಯಾರಪ್ಪ ಬಿದ್ದಿರೋದು? ಒಂದ್ ಕಿತ ಓ ಅನ್ನಪ್ಪ! ಎದುರ್ಕೋಬೇಡ, ನಾವಿದ್ದೀವಿ!" ಅಂತ ಗಿಡಗಳಿಗೆ ಕೂಗುತ್ತಿದ್ದರು.

ನನ್ನನ್ನು ಕಂಡು ಹತ್ತಿರ ಬಂದರು. ಟೊಮೆಟೊಗೆ ಕಡ್ಡಿ ನೆಡಲು ಹಾರೆ ಹಾಕಿ ಹಾಕಿ ಮೈಯೆಲ್ಲ ಬೆವರು. ಆ ಹಾರೆಯ ಏಟಿನ ಅದುರಿಗೇ ವಾಚು, ಮಾವ ಬಿದ್ದರು ಅಂದುಕೊಂಡಿತ್ತು. ಫೋನು ಪಂಪ್‌ಸೆಟ್ ಮನೆಯಲ್ಲಿ ಅಂಗಿಯ ಜೇಬಿನಲ್ಲಿ ತೂಗುತ್ತಿತ್ತು.

"ಒಳ್ಳೇ ಟೈಮಿಗೆ ಬಂದೆ ಕಣಮ್ಮ. ಯಾರೋ ಬಿದ್ದವ್ರಂತೆ. ಆಗ್ಲಿಂದ ಉಡುಕ್ತಾ ಇವ್ನಿ, ಸಿಕ್ತಾನೇ ಇಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮಾವ, ಬಿದ್ದಿರೋದು ನೀವೇ," ಅಂದೆ.

ಅವರು ತಮ್ಮನ್ನು ತಾವೇ ತಲೆಯಿಂದ ಕಾಲಿನವರೆಗೂ ನೋಡಿಕೊಂಡರು. ಆಮೇಲೆ ಸುತ್ತ ನೆರೆದವರನ್ನು ನೋಡಿ, ನಿಜವಾಗಿಯೂ ಬೇಜಾರಿನಿಂದ, "ನಾನಾ? ನೋಡಮ್ಮ, ಇಷ್ಟ್ ಜನ ಅವ್ರೆ, ಒಬ್ರಾದ್ರೂ ನಂಗೊಂದ್ ಮಾತ್ ಏಳ್ಬೇಕೋ ಬ್ಯಾಡ್ವೋ?" ಅಂದರು.

ಆಂಡರ್ಸನ್‌ಪೇಟೆಯ ಹೂವು

ಕಿವಿಗೆ ಸಿಕ್ಕಿಸಿಕೊಂಡರೆ ಎದುರಿನವರ ಭಾಷೆಯನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳುವ ಇಯರ್‌ಫೋನ್ ಬರುತ್ತದೆ ಅಂತ ಮೊದಲು ವದಂತಿ ಬಂತು, ಆಮೇಲೆ ಅದೇ ಬಂತು. ನಾನು ತರಿಸಿಯೇಬಿಟ್ಟೆ. ಪರೀಕ್ಷೆ ಮಾಡಲು ತಮಿಳರೇ ತುಂಬಿರುವ ಆಂಡರ್ಸನ್‌ಪೇಟೆಗಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ? ಅಲ್ಲಿ ನಾನು ಯಾವಾಗಲೂ ಹೂವು ಕೊಳ್ಳುವ ಅಜ್ಜಿಯ ಮುಂದೆ ಹೋಗಿ ನಿಂತೆ. ತಮಿಳಿನಿಂದ ಕನ್ನಡಕ್ಕೆ ಅಂತ ಹೊಂದಿಸಿಕೊಂಡೆ.

ಅಜ್ಜಿ ಎಂದಿನಂತೆ ಒಂದೇ ಉಸಿರಿನಲ್ಲಿ, "ವಾಮ್ಮಾ, ಎನ್ನಿ ಮೂರಲು ಕಾವಾಲಿ? ಮಲ್ಲಿ ನಲ್ಲಾ ಇರುಕ್ಕು, ತಗೊಂಡ್ ಓಗಮ್ಮ!" ಅಂದಳು. ಎಷ್ಟು ಮೊಳ ಬೇಕು, ಮಲ್ಲಿಗೆ ಚೆನ್ನಾಗಿದೆ ಅಂತ. ತಮಿಳಿನಲ್ಲಿ ಕರೆದು, ತೆಲುಗಿನಲ್ಲಿ ಕೇಳಿ, ಮತ್ತೆ ತಮಿಳಿನಲ್ಲಿ ಹೊಗಳಿ, ಕನ್ನಡದಲ್ಲಿ ಮುಗಿಸಿದ್ದಳು. ನಮ್ಮ ಕಡೆ ಇದು ಒಂದು ಸಾಮಾನ್ಯ ವಾಕ್ಯ.

ಕಿವಿಯೊಳಗಿನ ಹೆಂಗಸು "ಬನ್ನಿ ತಾಯಿ" ಅಂದಳು. ಸುಮ್ಮನಾದಳು. ಸ್ವಲ್ಪ ಹೊತ್ತಿಗೆ "ಚೆನ್ನಾಗಿದೆ" ಅಂದಳು. ಮತ್ತೆ ಸುಮ್ಮನಾದಳು. ಕೊನೆಗೆ, "ದಯವಿಟ್ಟು ಒಂದೇ ಭಾಷೆಯಲ್ಲಿ ಮಾತನಾಡಿ" ಅಂದಳು.

ನನ್ನ ಮುಖ ನೋಡಿ ಅಜ್ಜಿ ಕೇಳಿದಳು, "ಏನಂತಮ್ಮ ಕಿವೀಲಿರೋದು?"

"ಒಂದೇ ಭಾಷೇಲಿ ಮಾತಾಡಬೇಕಂತೆ ಅಜ್ಜಿ. ಅದಕ್ಕೆ ನೀನು ಮಾತಾಡೋದು ಅರ್ಥ ಆಗ್ತಾ ಇಲ್ಲ."

ಅಜ್ಜಿ ಹೂವು ಅಳೆಯುವ ಕೈ ನಿಲ್ಲಿಸಿ, ನನ್ನ ಕಿವಿಯ ಹತ್ತಿರ ಬಗ್ಗಿ ನೋಡಿದಳು.

"ನಮ್ಮನೆ ನಾಯಿಗೆ ಮೂರ್ ಭಾಷೇಲಿ ಬೈದ್ರೂ ತಿಳೀತದೆ. ಇದನ್ನ ದುಡ್ಡು ಕೊಟ್ಟು ತಂದ್ಯಾ?"

ಇನ್ನೂ ಬಾರದ ಕನ್ನಡಕ

ಇದು ಬಂದ ಸಾಮಾನಲ್ಲ, ಬರುವ ಮಾತು. ಎದುರಿಗೆ ಬಂದವರನ್ನು ನೋಡಿದ ಕೂಡಲೇ ಅವರ ಹೆಸರು ಗಾಜಿನ ಮೇಲೆ ತೋರಿಸುವ ಕನ್ನಡಕ ಬರಲಿದೆಯಂತೆ. ಇದನ್ನು ಮಾವನಿಗೆ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ಮದುವೆ ಮನೆಗಳಲ್ಲಿ ಯಾರಾದರೂ ಬಂದು "ಏನ್ ಮಾವ, ನಾನ್ಯಾರು ಗೊತ್ತಾಯ್ತಾ?" ಅಂದರೆ ಅವರಿಗೆ ಹೆಸರು ಹೊಳೆಯುವುದಿಲ್ಲ. ಬಾಯಿ ತುಂಬ ನಕ್ಕು ಕಾಲ ತಳ್ಳುತ್ತಾರೆ.

"ಅಂಗಾದ್ರೆ ಬಂದ್ ಕೂಡ್ಲೇ ತಂದ್ಕೊಡಮ್ಮ," ಅಂದರು. ಆಮೇಲೆ ಎಮ್ಮೆಯಂತೆ ನಿಧಾನವಾಗಿ ಮೆಲುಕು ಹಾಕಿ, "ಅದನ್ನ ಬೇರೆಯವ್ರೂ ಆಕ್ಕೊಂಡಿರ್ತಾರಾ?" ಅಂತ ಕೇಳಿದರು.

"ಹಾಕ್ಕೊಂಡಿರಬಹುದು ಮಾವ."

"ಬ್ಯಾಡ ಬಿಡು. ಕರೀದಿರೋ ಮದ್ವೆಗೂ ಒಂದೊಂದ್ ಕಿತ ಓಗ್ಬೇಕಾಗ್ತದೆ."

ಲಕ್ಷ್ಮಿಯ ಕೊರಳಪಟ್ಟಿ

ಲಕ್ಷ್ಮಿ ನಮ್ಮ ಹಸು. ಮನೆ ನಡೆಯುವುದರಲ್ಲಿ ಅವಳ ಹಾಲಿನ ಪಾಲೂ ಇದೆ. ಹಸು ಬೆದೆಗೆ ಬಂದದ್ದು ಸರಿಯಾದ ಹೊತ್ತಿಗೆ ತಿಳಿಯದಿದ್ದರೆ ಡಾಕ್ಟರ ಕೈಲಿ ಸೂಜಿ ಹಾಕಿಸಿ ಗಬ್ಬ ಕಟ್ಟಿಸುವುದು ತಪ್ಪುತ್ತದೆ, ಮತ್ತೆ ಕಾಯಬೇಕು, ಅಷ್ಟು ಕಾಲ ಹಾಲೂ ಇಲ್ಲ ಕರುವೂ ಇಲ್ಲ. ಹಿಂದೆ ಹಾಗೆ ತಪ್ಪಿಹೋಗಿ ಮಾವ ಊಟ ಬಿಟ್ಟು ಕೂತಿದ್ದರು. ಆದ್ದರಿಂದ ಹಸುವಿನ ಕೊರಳಿಗೆ ಕಟ್ಟುವ ಯಂತ್ರ ಬಂದಿದೆ ಅಂತ ಓದಿದ ದಿನವೇ ನಾನು ತರಿಸಿದೆ. ಹಸುವಿನ ಓಡಾಟ, ಮೇಯುವುದು, ಮೆಲುಕು ಹಾಕುವುದು ಎಲ್ಲವನ್ನೂ ಗಮನಿಸಿ ಅದು ಫೋನಿಗೆ ಸಂದೇಶ ಕಳಿಸುತ್ತದೆ. ಹಸುವಿನ ಹೆಸರು ಕೊಡಿ ಅಂತ ಕೇಳಿತು. ಕೊಟ್ಟೆ.

ಆಮೇಲೆ ಬಂಗಾರಪೇಟೆಯಲ್ಲಿ ಮೇಷ್ಟ್ರುಗಳಿಗೆ ಒಂದು ತರಬೇತಿ. ಫೋನಿನಲ್ಲಿರುವುದನ್ನು ದೊಡ್ಡ ಪರದೆಯ ಮೇಲೆ ತೋರಿಸಿ ಪಾಠ ಮಾಡುವುದು ಹೇಗೆ ಅಂತ ಹೇಳಿಕೊಡಲು ನನ್ನನ್ನೇ ನಿಲ್ಲಿಸಿದ್ದರು. ಬೇರೆ ಊರಿನಿಂದ ಹೊಸದಾಗಿ ಬಂದಿದ್ದ ಅಧಿಕಾರಿಯೊಬ್ಬರು ಮೈಕ್ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಬಹಳ ಮೃದು ಮನಸ್ಸಿನವರು. ನಾನು ಹೃದಯದ ಚಿತ್ರ ತೋರಿಸುತ್ತಿದ್ದೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಸಂದೇಶ ಬಂದು ಕೂತಿತು:

"ಲಕ್ಷ್ಮಿ ತುಂಬಾ ಚಡಪಡಿಸುತ್ತಿದ್ದಾಳೆ. ಆಹಾರ ಸೇವನೆ ಕಡಿಮೆಯಾಗಿದೆ. ತಕ್ಷಣ ಗಮನ ಕೊಡಿ."

"ನಿಮ್ಮ ಮನೆಯವರಾ ಮೇಡಂ?" ಅಂದರು ಅಧಿಕಾರಿ.

"ಹೌದು ಸರ್. ಆದ್ರೆ ಅದು..."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪರದೆಯ ಮೇಲೆ 'ಮಾವ' ಅಂತ ಬಂತು. ನಾನು ತಡವರಿಸುವುದನ್ನು ಕಂಡು ಅಧಿಕಾರಿ, "ನೀವು ಕೂತ್ಕೊಳ್ಳಿ, ನಾನು ಮಾತಾಡ್ತೀನಿ" ಅಂತ ಫೋನು ಎತ್ತಿ ಸ್ಪೀಕರ್ ಒತ್ತಿದರು. ಇನ್ನೊಂದು ಕೈಯಲ್ಲಿ ಮೈಕ್ ಇದ್ದೇ ಇತ್ತು.

"ಯಜಮಾನರೇ, ಲಕ್ಷ್ಮಿ ಹೇಗಿದ್ದಾರೆ?"

ಗಂಡಸಿನ ದನಿ ಕೇಳಿ ಮಾವ, ನಾನು ಹಸುವಿನ ಡಾಕ್ಟರಿಗೆ ಫೋನು ಕೊಟ್ಟಿದ್ದೇನೆ ಅಂದುಕೊಂಡರು. "ಏನ್ ಏಳ್ಲಿ ಸಾರ್, ಬೆಳಗ್ಗಿಂದ ಒಂದೇ ಸಮ ಅರಚ್ಕೊಂತಾವ್ಳೆ. ಕಂಬಕ್ಕೆ ಕಟ್ಟಾಕಿವ್ನಿ."

ಅಧಿಕಾರಿಯ ಮುಖ ಬಿಳಿಚಿತು. "ಕಂಬಕ್ಕೆ ಕಟ್ಟಿಹಾಕಿದ್ದೀರಾ?"

"ಇನ್ನೇನ್ ಮಾಡ್ಲಿ ಸಾರ್? ಬಿಟ್ರೆ ಪಕ್ಕದ ತೋಟಕ್ಕೆ ನುಗ್ತಾಳೆ. ನಿನ್ನೆ ಬೇಲಿ ಮುರಿದಾಕವ್ಳೆ."

ನಾನು ಎದ್ದು, "ಸರ್, ಅದು ನಮ್ಮ..." ಅಂದೆ. ಅವರು ಕೈಯೆತ್ತಿ ನನ್ನನ್ನು ತಡೆದರು. "ಯಜಮಾನರೇ, ಅವಳೂ ಒಬ್ಬ ಹೆಣ್ಣುಮಗಳು! ಅವಳಿಗೂ ಒಂದು ಮನಸ್ಸು ಅನ್ನೋದು ಇರುತ್ತೆ. ನೀವು ಹೀಗೆ ನಡೆಸಿಕೊಳ್ಳೋದು ತಪ್ಪು. ಮೊದಲು ಹಗ್ಗ ಬಿಚ್ಚಿ. ಊಟ ಆದರೂ ಕೊಟ್ರಾ?"

"ಇಂಡಿ ಬೂಸಾ ಕಲಸಿಟ್ಟೆ ಸಾರ್, ಮೂಸೂ ನೋಡ್ಲಿಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬರು ಕರವಸ್ತ್ರ ಬಾಯಿಗೆ ತುರುಕಿಕೊಂಡರು. ಅಲ್ಲಿ ಕೂತಿದ್ದವರಲ್ಲಿ ಅರ್ಧಕ್ಕರ್ಧ ಮಂದಿ ಹಸು ಸಾಕಿದವರೇ. ಅಲೆಯಂತೆ ನಗು ಮುಂದಕ್ಕೆ ಬಂತು. ಅಧಿಕಾರಿ ಪರದೆ ನೋಡಿದರು, ನನ್ನನ್ನು ನೋಡಿದರು. ನಾನು ಕಷ್ಟಪಟ್ಟು, "ಹಸು ಸರ್" ಅಂದೆ. ಅವರು ಫೋನನ್ನು ನನ್ನ ಕೈಗಿಟ್ಟರು. ಸ್ಪೀಕರ್ ಆರಿಸುವುದು ಇಬ್ಬರಿಗೂ ಹೊಳೆಯಲಿಲ್ಲ.

"ನಾನು ಮಾವ," ಅಂದೆ ಮೆಲ್ಲಗೆ.

ಮಾವ ಮೂಗು ಸೀಟಿಕೊಂಡರು.

"ಯಾವೂರ್ ಡಾಕ್ಟ್ರಮ್ಮ ಇವ್ರು? ಎಷ್ಟ್ ಡಾಕ್ಟ್ರು ನಮ್ಮ ಕೊಟ್ಟಿಗೆಗೆ ಬಂದೋದ್ರು, ಒಬ್ರಾದ್ರೂ ನಮ್ ಲಕ್ಷ್ಮೀನ ಎಣ್ಮಗಳು ಅಂದ್ರಾ? ಇನ್ಮೇಲೆ ಸೂಜಿ ಆಕ್ಸೋದಾದ್ರೆ ಇವ್ರ ಕೈಲೇ ಆಕ್ಸೋದು. ಒಸಿ ಕೈ ಮುಗ್ದು ಕರ್ಕೊಂಬಾ!"