ಉದಾಹರಣೆಗೆಂದು ಬರೆದ ನಾಲ್ಕು ಸಾಲು

ಬಸವಲಿಂಗ ಮಾಡಿದ ತಪ್ಪು ಇಷ್ಟೇ: ಶಾಯಿ ಆರಲಿ ಎಂದು ಚಾರ್ಟ್ ಹಾಳೆಯನ್ನು ಪಡಸಾಲೆಯ ಗೋಡೆಗೆ ಅಂಟಿಸಿ ಸ್ನಾನಕ್ಕೆ ಹೋದ. ಮೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಅವನ ಮನೆ ಎರಡಾಗಿತ್ತು.

ಮಸ್ಕಿಯ ಒಂದು ಕಚೇರಿಯಲ್ಲಿ ಅವನದು ಕಂಪ್ಯೂಟರ್ ಮುಂದೆ ಕೂರುವ ತಾತ್ಕಾಲಿಕ ನೌಕರಿ. ಹೊಸದಾಗಿ ಬಂದ ಸಾಹೇಬರು, ಮಾಹಿತಿಯನ್ನು ಪಟ್ಟಿಗಳಲ್ಲಿ ಜೋಡಿಸುವ ಡೇಟಾಬೇಸ್ ಕಲಿತ ಸರ್ಟಿಫಿಕೇಟು ಸೋಮವಾರದೊಳಗೆ ತರದವರು ಮನೆಯಲ್ಲೇ ಆರಾಮಾಗಿರಿ ಎಂದುಬಿಟ್ಟಿದ್ದರು. ಹಾಗಾಗಿ ಮೂವತ್ತಾರನೆಯ ವಯಸ್ಸಿನಲ್ಲಿ ಪಾಪದವನು ಸಿಂಧನೂರಿನ ತರಬೇತಿ ಕೇಂದ್ರಕ್ಕೆ ಸೇರಿದ. ಅಲ್ಲಿ ಕಲಿಸುವ ಶಾಜಿಯಾ ಮೇಡಂ ಇವನಿಗಿಂತ ಹನ್ನೆರಡು ವರ್ಷ ಚಿಕ್ಕವರು. ಆದರೂ ಅವರೆದುರು ನಿಂತರೆ ಇವನಿಗೆ ಮೂರನೇ ಇಯತ್ತೆಯಲ್ಲಿ ಮಗ್ಗಿ ಮರೆತ ದಿನ ನೆನಪಾಗುತ್ತಿತ್ತು.

"ನಿಮಗ ಚಂದಾಗಿ ಗೊತ್ತಿರೋದನ್ನ ತಗೊಂಡು ಅದರ ನಕ್ಷಿ ಹಾಕ್ರಿ," ಎಂದಿದ್ದರು ಮೇಡಂ. ಬಸವಲಿಂಗ ತನ್ನ ಮನೆಯನ್ನೇ ತೆಗೆದುಕೊಂಡ. ಅವ್ವ, ಅಣ್ಣ, ಕೋಣೆ, ಹೊಲ, ಎಮ್ಮೆ ಎಲ್ಲವನ್ನೂ ಟೇಬಲ್ ಎಂಬ ಒಂದೇ ಪಟ್ಟಿಯಲ್ಲಿ ತುಂಬಿದ. ಅವ್ವನ ಹೆಸರು ಒಂಬತ್ತು ಸಲ ಬಂತು. ನಿನ್ನೆ ಅದನ್ನು ನೋಡಿದ ಮೇಡಂ ಕೆಂಪು ಪೆನ್ನು ತೆಗೆದರು.

"ಒಡೀರಿ ಇದನ್ನ! ಜನ ಒಂದು ಟೇಬಲ್, ಹೊಲ ಒಂದು, ಎಮ್ಮಿ ಒಂದು. ಪ್ರತಿಯೊಬ್ಬರಿಗೂ ಒಂದೊಂದು ನಂಬರ್ ಕೊಡ್ರಿ. ಯಾವ ವಸ್ತು ಯಾರದು ಅಂತ ಗೆರಿ ಎಳೀರಿ. ಕೆಳಗ ಉದಾಹರಣೆಗೆ ನಾಕು ಸಾಲು ತುಂಬ್ರಿ. ನಾಳೆ ನಾಕು ಗಂಟೆಕ್ಕ ತೋರಿಸ್ರಿ."

ಇದರಲ್ಲಿ ಅರ್ಧ ಅವನಿಗೆ ತಿಳಿಯಿತು. ಉಳಿದರ್ಧ ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಹಾರಿಹೋಯಿತು. ಪ್ರತಿ ಹೊಲಕ್ಕೂ, ಎಮ್ಮೆಗೂ ಒಬ್ಬರೇ ಒಡೆಯರು ಇರಬೇಕೆಂಬುದು ಮಾತ್ರ ತಲೆಯಲ್ಲಿ ಉಳಿಯಿತು. ಅವನ ಮನೆಯಲ್ಲೋ ಎಲ್ಲವೂ ಎಲ್ಲರದು. ಏನು ಮಾಡುವುದು? ಬೆಳಗ್ಗೆ ಎದ್ದವನೇ ಮನೆಯವರಿಗೆಲ್ಲ ಒಂದೊಂದು ನಂಬರ್ ಹಾಕಿ ಪೆನ್ನಿಗೆ ಬಂದಂತೆ ಬರೆದ: ಕಾಲುವೆ ಹೊಲ ಬಸವಲಿಂಗನದು. ನೀರಿಲ್ಲದ ಮಡ್ಡಿ ಹೊಲ ಅಣ್ಣ ಅಮರಗುಂಡಪ್ಪನದು. ಹಾಲು ಕೊಡುವ ಎಮ್ಮೆ ತನ್ನ ಹೆಂಡತಿ ರಾಜಶ್ರೀಯದು. ಗೊಡ್ಡೆಮ್ಮೆ ಅತ್ತಿಗೆ ಭಾಗ್ಯಶ್ರೀಯದು.

ಹಾಳೆಯನ್ನು ಮೊದಲು ನೋಡಿದವನು ಎದುರುಮನೆಯ ಟೇಲರ್ ಲಾಲ್‌ಸಾಬ್. ಪೇಪರ್ ಓದಲು ಬಂದಿದ್ದ ಆ ಮನುಷ್ಯ ಪೇಪರ್ ಬಿಟ್ಟು ಗೋಡೆಯನ್ನೇ ಗಟ್ಟಿಯಾಗಿ ಓದತೊಡಗಿದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಬಸವಲಿಂಗ ಬಂದಾಗ ಅತ್ತಿಗೆ ಹಿಟ್ಟಿನ ಕೈಯಲ್ಲೇ ಹಾಳೆಯ ಮುಂದೆ ನಿಂತಿದ್ದಳು.

"ಗೊಡ್ಡೆಮ್ಮಿ ನನಗ, ಹೈನದ ಎಮ್ಮಿ ನಿನ್ನ ಹೇಣ್ತಿಗಿ! ಭಾಳ ಚಂದ ಆತಪಾ!"

"ವೈನಿ, ಅದು ಸುಮ್ನ ಉದಾಹರಣಿಗೆ ಬರ್ದೀನ್ರಿ..."

"ಮತ್ತ ನಂಬರ್? ನಾನು ಈ ಮನಿ ಹಿರಿ ಸೊಸಿ. ರಾಜಶ್ರೀ ನಂಬರ್ ಮೂರಂತ, ನಾನು ನಾಕಂತ!"

"ಆ ನಂಬರಿಗೆ ಏನೂ ಅರ್ಥ ಇಲ್ರೀ ವೈನಿ. ಅರ್ಥ ಇರಬಾರದು ಅಂತನ ಮೇಡಂ ಹೇಳ್ಯಾರ."

"ಅರ್ಥ ಇಲ್ಲದ ನಂಬರ್ ನನಗ್ಯಾಕ ಕೊಟ್ಟಿ? ಬಳಗಾನೂರಾಗ ನಮ್ಮಪ್ಪ ಇದನ್ನ ಕೇಳಿದ್ರ ಏನಂತಾನ?"

ಯಾರೋ ಫೋನು ಮಾಡಿ ಮುಟ್ಟಿಸಿದ್ದರಿಂದ ಅಮರಗುಂಡಪ್ಪ ಹೊಲದಿಂದ ಕೆಸರುಗಾಲಲ್ಲೇ ಬಂದ. ಬೈಯಲಿಲ್ಲ. ಹಾಳೆಯಲ್ಲಿ ತನ್ನ ಹೆಸರು ಹುಡುಕಿ ಅದರ ಮೇಲೆ ಬೆರಳಿಟ್ಟ.

"ಮಡ್ಡಿ ಹೊಲ ನನಗೇನೋ ತಮ್ಮಾ?" ಎಂದ.

"ಅಣ್ಣಾ, ಇದು ಪಾಲಲ್ಲ. ಒಂದ ವಿಷಯ ಎರಡು ಕಡಿ ಬರಬಾರದು ಅಂತ ಒಡದೀನಿ ಅಷ್ಟ."

"ಒಡದೀನಿ ಅಂತ ತಾನ ಒಪ್ಪಿಕೊಂಡ ನೋಡ್ರಿ!" ಎಂದ ಲಾಲ್‌ಸಾಬ್.

ಹನ್ನೊಂದಕ್ಕೆ ಓಣಿಯಲ್ಲಿ ಪಾಲು ಪಂಚಾಯಿತಿ ಮಾಡುವ ಹಿರಿಯ ಬಸ್ಸಪ್ಪ ಬಂದು ಕಟ್ಟೆಯ ಮೇಲೆ ಕುಳಿತ. ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದ.

"ಹುಡುಗ ತಪ್ಪು ಮಾಡ್ಯಾನ ಖರೆ, ಆದ್ರ ಬರ್ದಿರೋದು ಭಾಳ ಚೊಕ್ಕ ಐತಿ. ನಲ್ವತ್ತು ವರ್ಷದಾಗ ಇಂಥಾ ಪಾಲು ನಾ ನೋಡಿಲ್ಲ. ಒಂದು ಸಾಮಾನೂ ತಪ್ಪಿಲ್ಲ, ಒಂದೂ ಎರಡು ಸಲ ಬಂದಿಲ್ಲ. ಬರೇ ಹೆಸರು ಅದಲಬದಲ ಮಾಡಿದ್ರ ಮುಗೀತು."

ಲಾಲ್‌ಸಾಬ್ ಕಿವಿಯ ಹಿಂದಿದ್ದ, ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ ತೆಗೆದ. ಕಾಲುವೆ ಹೊಲ, ಹೈನದ ಎಮ್ಮೆ ಎರಡೂ ಅಣ್ಣನ ಕಡೆ ಹೋದವು. ಮಡ್ಡಿ ಹೊಲ, ಗೊಡ್ಡೆಮ್ಮೆ ತಮ್ಮನ ಕಡೆ ಬಂದವು. ಜನರಿದ್ದ ಟೇಬಲ್ಲಿನ ನಡುವೆ ರವಿಕೆಯ ಬಟ್ಟೆಗೆ ಎಳೆಯುವಂತೆ ಒಂದು ನೀಟಾದ ಗೆರೆ ಬಿತ್ತು. ಈ ಕಡೆ ಅಣ್ಣನ ಮನೆ, ಆ ಕಡೆ ತಮ್ಮನ ಮನೆ. ತಾಯಿ ವೀರಭದ್ರಮ್ಮನನ್ನು ಯಾವ ಕಡೆ ಬರೆಯುವುದೆಂದು ತಿಳಿಯದೆ ಗೆರೆಯ ಮೇಲೆಯೇ ಬರೆದರು. ಆಕೆ ಎದ್ದು ಒಳಗೆ ಹೋದಳು.

"ಸಹಿ ಹಾಕು," ಎಂದ ಬಸ್ಸಪ್ಪ.

ಬಸವಲಿಂಗನ ಕಣ್ಣು ಗಡಿಯಾರದ ಮೇಲಿತ್ತು. ಎರಡೂವರೆಯ ಬಸ್ಸು ತಪ್ಪಿದರೆ ನೌಕರಿಯೂ ತಪ್ಪುತ್ತದೆ. ಸಹಿ ಹಾಕಿದರೆ ಹಾಳೆ ಕೊಟ್ಟುಬಿಡುತ್ತಾರೆಂದು ಹಾಕಿಯೇಬಿಟ್ಟ. ಹಾಳೆ ಕೊಡಲಿಲ್ಲ. ಸಹಿ ಬಿದ್ದ ಮೇಲೆ ಅದು ಕಾಗದಪತ್ರ, ಮನೆಯಿಂದ ಹೊರಗೆ ಹೋಗಬಾರದಂತೆ. ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡು ಓಡಿದ.

ಸಿಂಧನೂರಿನಲ್ಲಿ ಶಾಜಿಯಾ ಮೇಡಂ ಫೋಟೋವನ್ನು ದೊಡ್ಡದು ಮಾಡಿ ನೋಡಿದರು.

"ಹೊಲ, ಎಮ್ಮಿ ಎಲ್ಲಾ ಬರೋಬ್ಬರಿ ಅದಾವು. ಆದ್ರ ಇದೇನ್ರಿ? ಇಲ್ಲಿ ಅಣ್ಣನ ಮನಿ, ಇಲ್ಲಿ ತಮ್ಮನ ಮನಿ. ಎರಡರಾಗೂ ಅವೇ ಕಾಲಂ ಅದಾವು. ಒಂದ ನಮೂನಿ ಇರೋವನ್ನ ಯಾಕ ಎರಡು ಮಾಡಿದ್ರಿ?"

"ನಾ ಮಾಡಿಲ್ರೀ ಮೇಡಂ. ಓಣಿ ಹಿರೇರು ಮಾಡಿದ್ರು."

"ಯಾರರ ಮಾಡ್ಲಿ. ಕೂಡಸ್ರಿ."

"ನಿನ್ನೆ ನೀವ ಒಡೀರಿ ಅಂದ್ರೆಲ್ಲರೀ!"

"ಬ್ಯಾರೆ ಬ್ಯಾರೆ ಇದ್ದದ್ದನ್ನ ಒಡೀರಿ ಅಂದೆ. ಒಂದ ಇದ್ದದ್ದನ್ನಲ್ಲ. ನಾಳೆ ಹತ್ತಕ್ಕ ಕೂಡಿಸಿದ್ದು ಹಾಳಿ ಮ್ಯಾಲ ತರ್ರಿ, ಫೋಟೋ ನಡಿಯಂಗಿಲ್ಲ. ತರದಿದ್ರ ಸರ್ಟಿಫಿಕೇಟಿಗೆ ನನ್ನ ಸಹಿ ಇಲ್ಲ."

ದಾರಿಯುದ್ದಕ್ಕೂ ಬಸವಲಿಂಗ ಒಡೆಯುವುದೆಷ್ಟು, ಕೂಡಿಸುವುದೆಷ್ಟು ಎಂದು ಬೆರಳು ಮಡಚುತ್ತ ಕುಳಿತ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು. ಅಣ್ಣನ ಕಾಲು ಹಿಡಿಯುವುದೊಂದೇ ಉಳಿದ ದಾರಿ ಎಂದುಕೊಂಡು ಮಸ್ಕಿಯಲ್ಲಿ ಇಳಿದ.

ಮನೆಯೊಳಗೆ ಕಾಲಿಟ್ಟರೆ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತಿದ್ದಾರೆ! ಅತ್ತಿಗೆ ಮಧ್ಯಾಹ್ನವೇ ಬೇರೆ ಒಲೆ ಹೂಡಿದ್ದಳಂತೆ. ಎರಡೂ ಒಲೆಯ ಊಟ ಮುಟ್ಟದೆ ಅವ್ವ ಕಟ್ಟೆಯ ಮೇಲೆ ಉಪವಾಸ ಕುಳಿತಳಂತೆ. ಸಂಜೆ ಎಲ್ಲರಿಗಿಂತ ಮೊದಲು ಅತ್ತವನು ಅಣ್ಣ, ಆಮೇಲೆ ಅತ್ತಿಗೆ.

"ಬಾರಲೇ ತಮ್ಮಾ, ಕೈ ತೊಳಕೊಂಡು ಕೂಡು," ಎಂದ ಅಮರಗುಂಡಪ್ಪ.

ಬಸವಲಿಂಗ ಹಿಗ್ಗಿದ. ಮೇಡಂ ಹೇಳಿದ್ದು ತಾನಾಗಿಯೇ ಆಗಿದೆ! ಇನ್ನು ಹಾಳೆಯಲ್ಲಿ ನಡುವಿನ ಗೆರೆ ಅಳಿಸಿದರೆ ಸಾಕು.

"ಹಾಳಿ ಎಲ್ಲೈತಿ ಯವ್ವಾ?"

"ಒಲ್ಯಾಗ ಹಾಕೀನಿ," ಎಂದಳು ವೀರಭದ್ರಮ್ಮ. "ಬಾ ಇಲ್ಲಿ. ನನ್ನ ತಲಿ ಮುಟ್ಟಿ ಆಣಿ ಮಾಡು. ಇನ್ನ ಯಾರ ಮನೀನೂ ಹಾಳಿ ಮ್ಯಾಲ ಗೆರಿ ಎಳದು ಒಡಿಯಂಗಿಲ್ಲ, ಕೂಡಸಂಗಿಲ್ಲ."

ಬಸವಲಿಂಗ ತುಂಬಿದ ಮನಸ್ಸಿನಿಂದ ಆಣೆ ಮಾಡಿದ. ಎರಡನೆಯ ರೊಟ್ಟಿ ಮುರಿಯುವಾಗ ನಾಳೆಯ ಹತ್ತು ಗಂಟೆ ನೆನಪಾಯಿತು. ಆಣೆ ಮಾಡಿದವನು ಇನ್ನು ಆ ಹಾಳೆ ಬರೆಯುವಂತಿಲ್ಲ; ಬರೆಯದಿದ್ದರೆ ಮೇಡಂ ಸಹಿ ಇಲ್ಲ, ಸರ್ಟಿಫಿಕೇಟೂ ಇಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಲಾಲ್‌ಸಾಬ್. ಕಂಕುಳಲ್ಲಿ ಸುರುಳಿ ಸುತ್ತಿದ ಹೊಸ ಚಾರ್ಟ್ ಹಾಳೆ, ಕೈಯಲ್ಲಿ ಸ್ಕೇಲು, ನಾಲ್ಕು ಬಣ್ಣದ ಸ್ಕೆಚ್ ಪೆನ್ನು.

"ಬಸವಲಿಂಗಪ್ಪಾ, ನಮ್ಮ ತಮ್ಮ ಇಸ್ಮಾಯಿಲ್‌ಸಾಬ್‌ಂದೂ ನಂದೂ ಪಾಲು ಹತ್ತು ವರ್ಷ ಆತು ಹರೀವಲ್ದು. ನೀ ಒಂದ ಮುಂಜಾನ್ಯಾಗ ಮಾಡಿದಿ. ನಮಗೂ ಅಂಥಾದೊಂದು ಬರಕೊಡಪಾ!"

ಬಸವಲಿಂಗನ ಕೈ ಹಾಳೆಯ ಕಡೆ ತಾನಾಗಿಯೇ ಹೋಯಿತು. ಅದು ಮುಟ್ಟುವ ಮುಂಚೆಯೇ ವೀರಭದ್ರಮ್ಮ ಎದ್ದು ಹಾಳೆ ಕಿತ್ತುಕೊಂಡಳು.

"ನಿಮ್ಮವ್ವ ಮೆಹಬೂಬ್‌ಬೀ ಇನ್ನೂ ಜೀವಂತ ಅದಾಳ, ಲಾಲ್‌ಸಾಬಾ," ಎಂದವಳೇ ಅದನ್ನೂ ಒಯ್ದು ಒಲೆಗೆ ತುರುಕಿದಳು.

ಅಮರಗುಂಡಪ್ಪ ನಕ್ಕು ತಮ್ಮನ ಬೆನ್ನು ತಟ್ಟಿದ. "ಕಾಲುವಿ ಹೊಲದಾಗ ನಾಟಿ ಐತಿ ತಮ್ಮಾ. ಸೋಮವಾರ ಒಂದು ದಿನ ಆಫೀಸಿಗೆ ರಜಾ ಹಾಕಿ ಬರ್ತೀಯೇನು?"

"ರಜಾ ಯಾಕಣ್ಣಾ," ಎಂದ ಬಸವಲಿಂಗ. "ಸೋಮವಾರದಿಂದ ದಿನಾ ಬರ್ತೀನಿ."